ಕೀ ಲಾರ್ಗೋದ ಸಿಂಹಮೀನು ಸ್ಪರ್ಧೆ: ದಡಕ್ಕೆ ಬಂದ ಮೀನಿನ ಲೆಕ್ಕ, ನೀರಿನಲ್ಲಿ ಉಳಿದ ಮೀನಿನ ಲೆಕ್ಕ

ಅಮೆರಿಕದ ಫ್ಲೋರಿಡಾ ರಾಜ್ಯದ ದಕ್ಷಿಣ ತುದಿಯಿಂದ ನೈರುತ್ಯಕ್ಕೆ ಬಾಗುತ್ತ ಸಾಗುವ ದ್ವೀಪಗಳ ಸಾಲಿಗೆ ಫ್ಲೋರಿಡಾ ಕೀಸ್ ಎಂಬ ಹೆಸರಿದೆ. ಆ ಸಾಲಿನ ಅತಿ ದೊಡ್ಡ ದ್ವೀಪವಾದ ಕೀ ಲಾರ್ಗೋದಲ್ಲಿ ರೀಫ್ ಎನ್ವಿರಾನ್‌ಮೆಂಟಲ್ ಎಜುಕೇಶನ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯಿದೆ. 1990ರಲ್ಲಿ ಹುಟ್ಟಿದ ಈ ಪ್ರತಿಷ್ಠಾನದ ಮೂಲ ಕೆಲಸ, ಹವ್ಯಾಸಿ ಮುಳುಗುಗಾರರ ನೆರವಿನಿಂದ ಹವಳದ ದಿಬ್ಬಗಳ ಮೀನುಗಳನ್ನು ಎಣಿಸಿ ದಾಖಲಿಸುವುದು. ಮೀನು ಎಣಿಸುವುದಕ್ಕೆಂದೇ ಹುಟ್ಟಿದ ಇಂಥ ಸಂಸ್ಥೆಯು 2009ರಲ್ಲಿ ನೆರೆಯ ಬಹಾಮಾಸ್ ದೇಶದ ಗ್ರೀನ್ ಟರ್ಟಲ್ ಕೇ ಎಂಬ ಸಣ್ಣ ದ್ವೀಪದಲ್ಲಿಯೂ, ಮರುವರ್ಷ ತನ್ನ ಸ್ವಂತ ನೆಲೆಯಾದ ಕೀಸ್‌ನಲ್ಲಿಯೂ ಒಂದೇ ಬಗೆಯ ಮೀನನ್ನು ಆದಷ್ಟು ಹೆಚ್ಚು ಹಿಡಿದು ತರುವ ಸ್ಪರ್ಧೆಗಳನ್ನು ಏರ್ಪಡಿಸಿತು. ಗ್ರೀನ್ ಟರ್ಟಲ್ ಕೇಯಲ್ಲಿ ಒಂದೇ ದಿನ 1,408 ಮೀನುಗಳು ದಡಕ್ಕೆ ಬಂದವು. ಕೀಸ್‌ನಲ್ಲಿ 2010ರ ಮೂರು ಸ್ಪರ್ಧೆಗಳಲ್ಲಿ ಒಟ್ಟು 664 ಬಂದವು.

ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರು ಗ್ರೀನ್ ಟರ್ಟಲ್ ಕೇಯ ಸ್ಪರ್ಧೆ ಗೆದ್ದಿತು, ಕೀಸ್‌ನದು ಸೋತಿತು ಎನ್ನಬಹುದು. ಹಾಗೆ ಹೇಳುವುದು ತಪ್ಪು ಎಂಬುದೇ ಈ ಪ್ರಕರಣವನ್ನು ಬರೆಯಲು ನನಗಿರುವ ಮುಖ್ಯ ಕಾರಣ. ಹಿಡಿದ ಮೀನು ಎಷ್ಟು ಎಂಬುದರಿಂದ ಇಂಥ ಸ್ಪರ್ಧೆಯ ಬೆಲೆ ತಿಳಿಯುವುದಿಲ್ಲ. ಸ್ಪರ್ಧೆ ಮುಗಿದ ಮೇಲೆ ದಿಬ್ಬದಲ್ಲಿ ಎಷ್ಟು ಉಳಿದವು, ಮುಂದಿನ ಸ್ಪರ್ಧೆಯ ಹೊತ್ತಿಗೆ ಎಷ್ಟು ಮರಳಿ ಬಂದವು ಎಂಬುದರಿಂದ ಅದು ತಿಳಿಯುತ್ತದೆ. ಹಾಗೆ ಅಳೆಯುವ ಪ್ರಯತ್ನ ಈ ಎರಡೂ ಕಡೆ ನಡೆದಿರುವುದರಿಂದಲೇ ಕೀ ಲಾರ್ಗೋದ ಅನುಭವ ಅಧ್ಯಯನಕ್ಕೆ ಯೋಗ್ಯವಾಗಿದೆ.

ಮೀನು ಮತ್ತು ಅದರ ಪಯಣ

ಹಿಡಿಯಬೇಕಾಗಿದ್ದ ಮೀನು ಸಿಂಹಮೀನು, ಅಂದರೆ ಲಯನ್‌ಫಿಶ್. ಕೆಂಪು, ಕಂದು, ಬಿಳಿ ಪಟ್ಟೆಗಳ ಮೈ, ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ರೆಕ್ಕೆಗಳು, ಬೆನ್ನ ಮೇಲೆ ಸಾಲಾಗಿ ನಿಂತ ಮುಳ್ಳುಗಳು ಇದರ ಗುರುತು. ಇದು ಅಟ್ಲಾಂಟಿಕ್ ಸಾಗರದ್ದಲ್ಲ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರಗಳದ್ದು. ಲಕ್ಷದ್ವೀಪ ಮತ್ತು ಅಂಡಮಾನಿನ ಹವಳದ ದಿಬ್ಬಗಳಲ್ಲಿ ಇದು ತಲೆತಲಾಂತರದಿಂದ ಇರುವ ಮೀನು. ಅಲ್ಲಿ ಅದನ್ನು ತಿನ್ನುವ, ಅದರೊಡನೆ ಆಹಾರಕ್ಕಾಗಿ ಪೈಪೋಟಿ ನಡೆಸುವ, ಅದರ ಮರಿಗಳನ್ನು ಹತೋಟಿಯಲ್ಲಿಡುವ ಜೀವಜಾಲವೂ ಇದೆ. ಆದ್ದರಿಂದ ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿಯೋ ಲಕ್ಷದ್ವೀಪದಲ್ಲಿಯೋ ನೀರಿಗಿಳಿಯುವ ಕನ್ನಡಿಗರಿಗೆ ಈ ಮೀನು ಎದುರಾದರೆ, ಫ್ಲೋರಿಡಾದ ವಿಡಿಯೊಗಳನ್ನು ನೆನೆದು ಅದನ್ನು ಶತ್ರುವೆಂದು ಭಾವಿಸಬಾರದು. ಅಲ್ಲಿ ಅದು ಮನೆಯ ಮೀನು. ನಮ್ಮ ಬಂಡೀಪುರದ ಕಾಡನ್ನು ಆವರಿಸಿರುವ ಲಂಟಾನ ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಗಿಡ. ಅಲ್ಲಿಂದ ಬಂದದ್ದು ಇಲ್ಲಿ ಹಬ್ಬಿದಂತೆ ಇಲ್ಲಿಯ ಸಾಗರದ ಮೀನು ಅಲ್ಲಿ ಹಬ್ಬಿದೆ. ಲಂಟಾನವನ್ನು ಒಮ್ಮೆ ಕಡಿದು ಬಂದರೆ ಸಾಲದು, ಮತ್ತೆ ಮತ್ತೆ ಹೋಗಬೇಕು ಎಂಬುದು ಕಾಡಂಚಿನ ಜನರಿಗೆ ಗೊತ್ತಿರುವ ಮಾತು. ಮುಂದೆ ಹೇಳಲಿರುವ ವಿಚಾರವೂ ಬಹುಮಟ್ಟಿಗೆ ಅದೇ.

ಅಟ್ಲಾಂಟಿಕ್‌ನಲ್ಲಿ ಈ ಮೀನಿನ ಮೊದಲ ದಾಖಲೆ 1985ರದು, ಫ್ಲೋರಿಡಾದ ಆಗ್ನೇಯ ಕರಾವಳಿಯ ಡೇನಿಯಾ ಬೀಚ್ ಬಳಿ. ಮನೆಯ ಅಕ್ವೇರಿಯಂಗಳಿಂದ ಸಮುದ್ರಕ್ಕೆ ಬಿಟ್ಟ ಮೀನುಗಳೇ ಇದರ ಮೂಲವೆಂದು ವಿಜ್ಞಾನಿಗಳು ಒಪ್ಪಿದ್ದಾರೆ. 2000ದ ನಂತರ ಹಬ್ಬುವಿಕೆ ಚುರುಕಾಗಿ, 2004ರಲ್ಲಿ ಬಹಾಮಾಸ್, 2009ರ ಜನವರಿಯಲ್ಲಿ ಫ್ಲೋರಿಡಾ ಕೀಸ್, 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ಉತ್ತರ ಭಾಗ ಇದರ ಹಿಡಿತಕ್ಕೆ ಬಂದವು. ಎರಡು ಹೋಲುವ ಜಾತಿಗಳು ಈ ಹಬ್ಬುವಿಕೆಯಲ್ಲಿ ಸೇರಿವೆ; ಹಿಡಿಯುವವರಿಗೆ ಆ ವ್ಯತ್ಯಾಸ ಮುಖ್ಯವಲ್ಲ.

ಒಂದು ಹೆಣ್ಣು ಮೀನು ಕೆಲವೇ ದಿನಗಳಿಗೊಮ್ಮೆ ಮೊಟ್ಟೆಯಿಡುತ್ತ ವರ್ಷಕ್ಕೆ 20 ಲಕ್ಷದವರೆಗೂ ಮೊಟ್ಟೆ ಬಿಡಬಲ್ಲದು. ಲೋಳೆಯ ಮುದ್ದೆಯಾಗಿ ತೇಲುವ ಆ ಮೊಟ್ಟೆಗಳಿಂದ ಹೊರಬಂದ ಮರಿಗಳು ನೆಲೆ ಹಿಡಿಯುವ ಮೊದಲು ಸುಮಾರು 26 ದಿನ ಪ್ರವಾಹದಲ್ಲಿ ತೇಲುತ್ತ ದೂರ ದೂರ ಸಾಗುತ್ತವೆ. ಬಹಾಮಾಸ್‌ನಲ್ಲಿ ಮಾರ್ಕ್ ಆಲ್ಬಿನ್ಸ್ ಮತ್ತು ಮಾರ್ಕ್ ಹಿಕ್ಸನ್ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಂಹಮೀನು ಇದ್ದ ಸಣ್ಣ ದಿಬ್ಬಗಳಲ್ಲಿ ಹೊಸದಾಗಿ ನೆಲೆಸಲು ಬಂದ ಸ್ಥಳೀಯ ಮೀನುಗಳ ಸಂಖ್ಯೆ ಐದೇ ವಾರಗಳಲ್ಲಿ ಸರಾಸರಿ 79 ಪ್ರತಿಶತ ಕುಗ್ಗಿತ್ತು. ಒಂದು ಸಿಂಹಮೀನು ಅರ್ಧ ಗಂಟೆಯಲ್ಲಿ 20 ಸಣ್ಣ ಮೀನುಗಳನ್ನು ನುಂಗಿದ್ದನ್ನು ಅವರು ಕಣ್ಣಾರೆ ಕಂಡರು. ಅಟ್ಲಾಂಟಿಕ್‌ನ ಸಣ್ಣ ಮೀನುಗಳಿಗೆ ಈ ಹೊಸ ಬೇಟೆಗಾರನ ಪರಿಚಯವಿಲ್ಲ. ರೆಕ್ಕೆ ಬಿಚ್ಚಿ ನಿಧಾನವಾಗಿ ಹತ್ತಿರ ಬರುವ ಆಕಾರವನ್ನು ಕಂಡು ಓಡಬೇಕೆಂಬ ತಿಳಿವಳಿಕೆ ಅವುಗಳಲ್ಲಿ ಇನ್ನೂ ಬೇರೂರಿಲ್ಲ.

ಗುರಿ ಯಾವುದಾಗಿರಬೇಕು

ಸ್ಪರ್ಧೆ ಏರ್ಪಡಿಸುವವರು ಮೊದಲು ಎದುರಿಸಬೇಕಾದ ಪ್ರಶ್ನೆ ಬಹುಮಾನದ್ದಲ್ಲ, ಗುರಿಯದು. ಸಿಂಹಮೀನನ್ನು ಅಟ್ಲಾಂಟಿಕ್‌ನಿಂದ ಬೇರುಸಹಿತ ಕಿತ್ತುಹಾಕುವುದು ಸಾಧ್ಯವಿಲ್ಲ. ಹವ್ಯಾಸಿ ಮುಳುಗುಗಾರರ ರೂಢಿಯ ಮಿತಿ ಸುಮಾರು 40 ಮೀಟರ್ ಆಳ. ಸಿಂಹಮೀನುಗಳು ಜಲಾಂತರ್ವಾಹಿನಿಗಳ ಕಣ್ಣಿಗೆ 300 ಮೀಟರ್ ಆಳದಲ್ಲಿಯೂ ಬಿದ್ದಿವೆ. ಮೇಲಿನ ದಿಬ್ಬವನ್ನು ಪೂರ್ತಿ ಖಾಲಿ ಮಾಡಿದರೂ ಆಳದಲ್ಲಿರುವ ಮೀನು ಮೊಟ್ಟೆಯಿಡುತ್ತಲೇ ಇರುತ್ತದೆ, ಬೇರೆ ದೇಶದ ನೀರಿನಲ್ಲಿ ಹುಟ್ಟಿದ ಮರಿಗಳು ತೇಲಿ ಬರುತ್ತಲೇ ಇರುತ್ತವೆ.

ಹಾಗಾದರೆ ಕೆಲಸ ವ್ಯರ್ಥವೇ? ಅಲ್ಲವೆಂಬುದಕ್ಕೆ ಆಧಾರವಿದೆ. ಸ್ಟೆಫನಿ ಗ್ರೀನ್ ಮತ್ತು ಸಂಗಡಿಗರು ಬಹಾಮಾಸ್‌ನ 24 ದಿಬ್ಬಗಳಲ್ಲಿ 18 ತಿಂಗಳು ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವು, ಸ್ಥಳೀಯ ಮೀನುಗಳು ಚೇತರಿಸಿಕೊಳ್ಳಲು ಸಿಂಹಮೀನು ಸೊನ್ನೆಯಾಗಬೇಕಿಲ್ಲವೆಂದು ತೋರಿಸಿತು. ಆಯಾ ದಿಬ್ಬದ ಆಹಾರ ಉತ್ಪಾದನೆಯನ್ನು ಆಧರಿಸಿ ಒಂದು ಮಿತಿಯನ್ನು ಮೊದಲೇ ಲೆಕ್ಕ ಹಾಕಿ, ಸಿಂಹಮೀನನ್ನು ಅದಕ್ಕಿಂತ ಕೆಳಗೆ ಇಳಿಸಿದಾಗ, ಎಂದರೆ ದಿಬ್ಬಕ್ಕೆ ತಕ್ಕಂತೆ 75ರಿಂದ 95 ಪ್ರತಿಶತದಷ್ಟು ತೆಗೆದಾಗ, ಸ್ಥಳೀಯ ಸಣ್ಣ ಮೀನುಗಳ ಒಟ್ಟು ತೂಕ 50ರಿಂದ 70 ಪ್ರತಿಶತ ಏರಿತು. ಸಿಂಹಮೀನನ್ನು ಹಾಗೆಯೇ ಬಿಟ್ಟ ದಿಬ್ಬಗಳಲ್ಲಿ ಇಳಿಮುಖ ಮುಂದುವರಿಯಿತು.

ಈ ಫಲಿತಾಂಶ ಸ್ಪರ್ಧೆಯ ಸಂಘಟಕರಿಗೆ ಬಹಳ ದೊಡ್ಡ ನೆರವು. ಕೈಗೆಟುಕದ ನಿರ್ಮೂಲನದ ಬದಲು ಕೈಗೆಟುಕುವ ಒಂದು ಮಟ್ಟ ಅವರಿಗೆ ದೊರೆಯಿತು. ಆದರೆ ಅದೇ ಫಲಿತಾಂಶ ಅವರ ಮೇಲೆ ಹೊಣೆಯನ್ನೂ ಹೊರಿಸುತ್ತದೆ: ಮೂರರಲ್ಲಿ ಒಂದು ಪಾಲು ಮೀನನ್ನು ಮಾತ್ರ ತೆಗೆದು, ಫೋಟೊ ತೆಗೆಸಿಕೊಂಡು, ಬಹುಮಾನ ಹಂಚಿ ಮನೆಗೆ ಹೋದರೆ ದಿಬ್ಬದ ಮೀನುಗಳಿಗೆ ಅದರಿಂದ ಹೇಳಿಕೊಳ್ಳುವ ಪ್ರಯೋಜನವಾಗದಿರಬಹುದು.

ಈಟಿ ನಿಷಿದ್ಧವಾದ ನೀರಿನಲ್ಲಿ

ಕೀ ಲಾರ್ಗೋದ ಸಂಘಟಕರ ಮುಂದೆ ಬೇರೆ ಊರಿನವರಿಗಿಲ್ಲದ ಒಂದು ತೊಡಕಿತ್ತು. ಅಲ್ಲಿನ ಸಮುದ್ರ ಅಮೆರಿಕದಲ್ಲಿಯೇ ಅತಿ ಬಿಗಿಯಾಗಿ ಕಾಪಾಡಲ್ಪಟ್ಟ ನೀರುಗಳಲ್ಲೊಂದು. ದೇಶದ ಮೊದಲ ಸಾಗರದಡಿಯ ಉದ್ಯಾನವಾದ ಜಾನ್ ಪೆನೆಕ್ಯಾಂಪ್ ಕೋರಲ್ ರೀಫ್ ಸ್ಟೇಟ್ ಪಾರ್ಕ್ ಇರುವುದು ಅಲ್ಲಿಯೇ; ಅದರಾಚೆ 1990ರಲ್ಲಿ ಸ್ಥಾಪಿತವಾದ ಫ್ಲೋರಿಡಾ ಕೀಸ್ ರಾಷ್ಟ್ರೀಯ ಸಾಗರ ಅಭಯಾರಣ್ಯ ಹರಡಿದೆ. ಮೇಲಿನ ಕೀಸ್‌ನ ಬಹುಭಾಗದಲ್ಲಿ ಈಟಿಯಿಂದ ಮೀನು ಹಿಡಿಯುವುದೇ ನಿಷಿದ್ಧ. ಹಿಂದೆ ಈಟಿಗಾರರು ದೊಡ್ಡ ಗ್ರೂಪರ್‌ಗಳನ್ನೂ ಸ್ನ್ಯಾಪರ್‌ಗಳನ್ನೂ ಆರಿಸಿ ಆರಿಸಿ ಹೊಡೆದ ಕಾಲದ ಕಹಿ ನೆನಪು ಆ ನಿಷೇಧದ ಹಿಂದಿದೆ. ಅಂಥ ನೀರಿನಲ್ಲಿ ನೂರಾರು ಜನ ಒಂದೇ ದಿನ ಹಿಡಿಯಲು ಇಳಿಯುತ್ತಾರೆಂದರೆ ಅಧಿಕಾರಿಗಳಿಗೆ ಆತಂಕವಾಗುವುದು ಸಹಜ.

ಇದಕ್ಕೆ ಕಂಡುಕೊಂಡ ದಾರಿ ನಿಷೇಧವನ್ನು ಮುರಿಯುವುದಾಗಿರಲಿಲ್ಲ, ಸಾಧನವನ್ನು ಬದಲಿಸುವುದಾಗಿತ್ತು. ಮೀನುಗಾರಿಕೆಗೆ ಪೂರ್ತಿ ಮುಚ್ಚಿದ ವಲಯಗಳಲ್ಲಿ, ತರಬೇತಿ ಪಡೆದವರಿಗೆ ಮಾತ್ರ, ಸಿಂಹಮೀನನ್ನು ಕೈಬಲೆಯಲ್ಲಿ ಹಿಡಿದು ತೆಗೆಯುವ ವಿಶೇಷ ಪರವಾನಗಿಯನ್ನು ಅಭಯಾರಣ್ಯ ನೀಡಿತು. ಸಿಂಹಮೀನು ತನ್ನ ಮುಳ್ಳುಗಳ ಮೇಲೆ ಭರವಸೆಯಿಟ್ಟು ನಿಂತಲ್ಲೇ ನಿಲ್ಲುವ ಮೀನಾದ್ದರಿಂದ, ಎರಡು ಪಾರದರ್ಶಕ ಬಲೆಗಳನ್ನು ಎರಡು ಕಡೆಯಿಂದ ಮೆಲ್ಲಗೆ ಒಡ್ಡಿ ಅದನ್ನು ಒಳಗೆ ಸರಿಸಬಹುದು. ಇದು ನಿಧಾನದ ಕೆಲಸ, ಆದರೆ ಹವಳಕ್ಕೆ ಗಾಯವಾಗುವುದಿಲ್ಲ, ಬೇರೆ ಮೀನು ಸಾಯುವುದಿಲ್ಲ. ಈಟಿಗೆ ಅವಕಾಶವಿರುವ ಜಾಗಗಳಲ್ಲಿ ಮಾತ್ರ ಈಟಿ. ಹೀಗಾಗಿ ಕೀ ಲಾರ್ಗೋದ ಸ್ಪರ್ಧೆಯನ್ನು ಬರಿಯ ಈಟಿ ಸ್ಪರ್ಧೆಯೆಂದು ಕರೆಯುವುದು ಪೂರ್ತಿ ಸರಿಯಲ್ಲ. ಅದು ಈಟಿ ಮತ್ತು ಬಲೆಗಳ ಸ್ಪರ್ಧೆ. ಸಂರಕ್ಷಿತ ನೀರಿನಲ್ಲಿ ಇಂಥ ಕಾರ್ಯಕ್ರಮ ನಡೆಸಲು ಬಯಸುವ ಯಾರೇ ಆಗಲಿ ಮೊದಲು ಓದಬೇಕಾದ ಪಾಠ ಇಲ್ಲಿದೆ ಎಂದು ನಾನು ಭಾವಿಸುತ್ತೇನೆ. ಒಂದು ಒಳ್ಳೆಯ ಉದ್ದೇಶಕ್ಕಾಗಿ ಹಳೆಯ ರಕ್ಷಣೆಯನ್ನು ಸಡಿಲಿಸಿದರೆ, ಆ ಸಡಿಲಿಕೆಯೇ ನಾಳೆ ಬೇರೆಯವರ ಕೈಯಲ್ಲಿ ಅಸ್ತ್ರವಾಗುತ್ತದೆ.

ರಾಜ್ಯದ ನಿಯಮಗಳೂ ಕಾಲಕ್ರಮದಲ್ಲಿ ಬದಲಾದವು. ಫ್ಲೋರಿಡಾದ ಮೀನು ಮತ್ತು ವನ್ಯಜೀವಿ ಆಯೋಗವು 2013ರ ಹೊತ್ತಿಗೆ ಸಿಂಹಮೀನಿನ ಮಟ್ಟಿಗೆ ಸಂಖ್ಯೆಯ ಮಿತಿಯನ್ನು ತೆಗೆದುಹಾಕಿತು. ಕೈ ಈಟಿ, ರಬ್ಬರಿನ ಸೆಳೆತದಿಂದ ಹಾರುವ ಹವಾಯಿ ಬಗೆಯ ಈಟಿ, ಕೈಬಲೆ ಇತ್ಯಾದಿಗಳಿಂದ ಹಿಡಿಯುವವರಿಗೆ ಪರವಾನಗಿಯೂ ಬೇಡವೆಂದಿತು. ಸಂಘಟಿತ ಸ್ಪರ್ಧೆಗಳಿಗೆ, ಈಟಿ ನಿಷಿದ್ಧವಾದ ಕೆಲವು ಸ್ಥಳಗಳಲ್ಲಿ ಸಿಂಹಮೀನನ್ನು ಮಾತ್ರ ಹೊಡೆಯಲು ಪ್ರತ್ಯೇಕ ಅನುಮತಿ ಕೊಡುವ ವ್ಯವಸ್ಥೆಯೂ ಬಂತು. 2014ರಿಂದ ಜೀವಂತ ಸಿಂಹಮೀನನ್ನು ರಾಜ್ಯದೊಳಗೆ ತರುವುದನ್ನು ನಿಷೇಧಿಸಲಾಯಿತು. ಒಂದು ಬಾಗಿಲಿನಿಂದ ಮೀನನ್ನು ತೆಗೆಯುತ್ತ ಇನ್ನೊಂದು ಬಾಗಿಲಿನಿಂದ ಅಂಗಡಿಗಳಿಗೆ ತರಿಸಿಕೊಳ್ಳುವ ಸ್ಥಿತಿ ಅಲ್ಲಿಯವರೆಗೂ ಇತ್ತೆಂಬುದು ನೋವಿನ ಸಂಗತಿ.

ಸ್ಪರ್ಧೆಯ ದಿನ

ಏರ್ಪಾಡಿನ ಚೌಕಟ್ಟು ಸರಳವಾಗಿದೆ. ಇಬ್ಬರಿಂದ ನಾಲ್ವರವರೆಗಿನ ತಂಡಗಳು ಶುಲ್ಕ ಕಟ್ಟಿ ಹೆಸರು ನೋಂದಾಯಿಸುತ್ತವೆ. ಹಿಂದಿನ ಸಂಜೆ ತಂಡದ ನಾಯಕರ ಸಭೆ ನಡೆಯುತ್ತದೆ. ಆ ಸಭೆಗೆ ಬಾರದವರಿಗೆ ಮರುದಿನ ಅವಕಾಶವಿಲ್ಲ. ಮೀನನ್ನು ಹಿಡಿದು ಇಟ್ಟುಕೊಳ್ಳುವ ಕ್ರಮ, ಮುಳ್ಳು ಚುಚ್ಚಿದರೆ ಮಾಡಬೇಕಾದದ್ದು, ಎಲ್ಲಿ ಈಟಿ ಸಲ್ಲದು, ಎಷ್ಟು ಗಂಟೆಗೆ ಎಣಿಕೆಯ ಮೇಜು ಮುಚ್ಚುತ್ತದೆ ಎಂಬುದೆಲ್ಲ ಅಲ್ಲಿ ಇತ್ಯರ್ಥವಾಗುತ್ತದೆ. ಮರುದಿನ ಸೂರ್ಯೋದಯಕ್ಕೆ ದೋಣಿಗಳು ಹೊರಡುತ್ತವೆ. ಸಂಜೆ ತಂಡಗಳು ಐಸ್ ಪೆಟ್ಟಿಗೆಗಳೊಂದಿಗೆ ದಡಕ್ಕೆ ಬಂದು, ಸ್ವಯಂಸೇವಕರ ಎದುರು ಪ್ರತಿಯೊಂದು ಮೀನನ್ನೂ ಮಿಲಿಮೀಟರ್ ಲೆಕ್ಕದಲ್ಲಿ ಅಳೆಸುತ್ತವೆ. ಸುತ್ತ ನೆರೆದ ಊರಿನವರು ಮುಳ್ಳು ಕತ್ತರಿಸುವುದನ್ನೂ ಮಾಂಸ ಬಿಡಿಸುವುದನ್ನೂ ನೋಡುತ್ತಾರೆ, ಹುರಿದ ತುಂಡನ್ನು ರುಚಿ ನೋಡುತ್ತಾರೆ.

ಬಹುಮಾನದ ವರ್ಗಗಳಲ್ಲಿ ಈ ಸ್ಪರ್ಧೆಯ ಜಾಣತನ ಕಾಣುತ್ತದೆ. ಅತಿ ಹೆಚ್ಚು ಮೀನು ತಂದವರಿಗೆ ಮತ್ತು ಅತಿ ದೊಡ್ಡ ಮೀನು ತಂದವರಿಗೆ ಬಹುಮಾನ ಕೊಡುವುದು ಯಾರಿಗೂ ಹೊಳೆಯುವ ವಿಚಾರ. ಇಲ್ಲಿ ಅತಿ ಚಿಕ್ಕ ಮೀನು ತಂದವರಿಗೂ ಬಹುಮಾನವಿದೆ. ಸಾಮಾನ್ಯ ಮೀನುಗಾರಿಕೆಯಲ್ಲಿ ಮರಿಯನ್ನು ಬಿಟ್ಟುಬಿಡುವುದು ಧರ್ಮವೆಂದು ಕಲಿತವರ ಕೈ ಮರಿ ಸಿಂಹಮೀನಿನ ಮುಂದೆ ಹಿಂಜರಿಯುತ್ತದೆ. ಜೊತೆಗೆ ಹೆಬ್ಬೆರಳಿನಷ್ಟಿರುವ ಮರಿಯನ್ನು ಹುಡುಕಲು ತಗಲುವ ಸಮಯದಲ್ಲಿ ನಾಲ್ಕು ದೊಡ್ಡ ಮೀನು ಹಿಡಿಯಬಹುದು. ಸಿಂಹಮೀನು ಹುಟ್ಟಿದ ಸುಮಾರು ಒಂದು ವರ್ಷದಲ್ಲೇ ಬೆದೆಗೆ ಬರುತ್ತದೆ. ಈ ವರ್ಷ ಬಿಟ್ಟ ಮರಿ ಮುಂದಿನ ವರ್ಷದ ಸ್ಪರ್ಧೆಗೆ ಮೊದಲೇ ಮೊಟ್ಟೆಯಿಡಲು ಸಿದ್ಧವಾಗಿರುತ್ತದೆ. ಆದ್ದರಿಂದ ಚಿಕ್ಕ ಮೀನಿನ ಬಹುಮಾನವು ದಿಬ್ಬದ ಸಂದುಗಳನ್ನು ಇಣುಕಿ ನೋಡುವ ಅಭ್ಯಾಸವನ್ನು ತಂಡಗಳಲ್ಲಿ ಬೆಳೆಸುತ್ತದೆ.

ಇನ್ನೊಂದು ಸಂಗತಿ, ಕಳ್ಳ ಲೆಕ್ಕದ್ದು. ಸಂಖ್ಯೆಗೆ ಬಹುಮಾನವಿಟ್ಟ ಕಡೆ, ವಾರಗಟ್ಟಲೆ ಮೊದಲೇ ಹಿಡಿದು ಫ್ರೀಜರ್‌ನಲ್ಲಿಟ್ಟ ಮೀನನ್ನು ಸ್ಪರ್ಧೆಯ ದಿನ ತರುವ ಆಸೆ ಹುಟ್ಟುತ್ತದೆ. ಅದಕ್ಕಿಂತ ಕೆಟ್ಟದ್ದು, ಸ್ಪರ್ಧೆಯ ದಿನಕ್ಕೆಂದು ತನಗೆ ಗೊತ್ತಿರುವ ಜಾಗದ ಮೀನನ್ನು ತಿಂಗಳುಗಟ್ಟಲೆ ಮುಟ್ಟದೆ ಉಳಿಸಿಕೊಳ್ಳುವುದು. ಇದನ್ನು ಯಾವ ಪರೀಕ್ಷೆಯೂ ಹಿಡಿಯಲಾರದು. ಫ್ಲೋರಿಡಾದ ವಾಯವ್ಯ ಭಾಗದ ಡೆಸ್ಟಿನ್ ಪಟ್ಟಣದಲ್ಲಿ 2019ರಲ್ಲಿ ಆರಂಭವಾದ ಎಮರಾಲ್ಡ್ ಕೋಸ್ಟ್ ಓಪನ್ ಎಂಬ ದೊಡ್ಡ ಸ್ಪರ್ಧೆಯ ಸಂಘಟಕರು ಈ ಬಗೆಯ ಆಸೆಗೆ ಬೇರೊಂದು ದಾರಿ ತೆರೆದರು. ಮುಖ್ಯ ಸ್ಪರ್ಧೆಯ ಎರಡು ದಿನಗಳಿಗೆ ಮೊದಲಿನ ಹಲವು ವಾರಗಳನ್ನೇ ಪೂರ್ವಸ್ಪರ್ಧೆಯೆಂದು ಘೋಷಿಸಿ, ಆಗ ಹಿಡಿದ ಮೀನಿಗೂ ಪ್ರತ್ಯೇಕ ಲೆಕ್ಕವಿಟ್ಟರು. ಆ ವರ್ಷ ಮುಖ್ಯ ಸ್ಪರ್ಧೆಯಲ್ಲಿ 14,119, ಪೂರ್ವಸ್ಪರ್ಧೆಯಲ್ಲಿ 5,048, ಒಟ್ಟು 19,167 ಮೀನು ಲೆಕ್ಕಕ್ಕೆ ಬಂದವು. ದಿಬ್ಬದ ದೃಷ್ಟಿಯಿಂದ ನೋಡಿದರೆ ಫೆಬ್ರವರಿಯಲ್ಲಿ ತೆಗೆದ ಮೀನು ಮೇ ತಿಂಗಳಲ್ಲಿ ತೆಗೆದ ಮೀನಿಗಿಂತ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಆ ನಡುವಿನ ತಿಂಗಳುಗಳಲ್ಲಿ ಅದು ತಿನ್ನಬಹುದಾಗಿದ್ದ ಸಣ್ಣ ಮೀನುಗಳು ಬದುಕುತ್ತವೆ. ಕೀ ಲಾರ್ಗೋದಂಥ ಒಂದು ದಿನದ ಸ್ಪರ್ಧೆಗಳು ಈ ಕ್ರಮವನ್ನು ಗಂಭೀರವಾಗಿ ಪರಿಶೀಲಿಸಬೇಕೆಂಬುದು ನನ್ನ ಅಭಿಪ್ರಾಯ.

ಅಪಾಯಗಳು

ಸಿಂಹಮೀನಿನ ಬೆನ್ನಿನಲ್ಲಿ 13, ಹೊಟ್ಟೆಯ ಬದಿಯ ರೆಕ್ಕೆಗಳಲ್ಲಿ 2, ಬಾಲದ ಕೆಳಗಿನ ರೆಕ್ಕೆಯಲ್ಲಿ 3, ಹೀಗೆ ಒಟ್ಟು 18 ವಿಷದ ಮುಳ್ಳುಗಳಿವೆ. ಬೀಸಣಿಗೆಯಂತೆ ಹರಡುವ ಪಕ್ಕದ ರೆಕ್ಕೆಗಳಲ್ಲಿ ವಿಷವಿಲ್ಲ, ಮಾಂಸದಲ್ಲಿಯೂ ಇಲ್ಲ. ವಿಷ ಪ್ರೋಟೀನಿನದಾದ್ದರಿಂದ ಬಿಸಿಗೆ ಕೆಡುತ್ತದೆ. ಚುಚ್ಚಿಸಿಕೊಂಡ ಭಾಗವನ್ನು, ಸುಡದೆ ತಡೆದುಕೊಳ್ಳಬಹುದಾದಷ್ಟು ಬಿಸಿನೀರಿನಲ್ಲಿ 30ರಿಂದ 90 ನಿಮಿಷ ಅದ್ದಿಡುವುದು ರೂಢಿಯ ಪ್ರಥಮ ಚಿಕಿತ್ಸೆ. ನೋವಿನಲ್ಲಿರುವ ಕೈಗೆ ಬಿಸಿಯ ಅಂದಾಜು ಸಿಗುವುದಿಲ್ಲವಾದ್ದರಿಂದ ನೀರನ್ನು ಬೇರೊಬ್ಬರು ಮುಟ್ಟಿ ನೋಡಿ ಕೊಡಬೇಕು. ಉಸಿರಾಟದ ತೊಂದರೆಯೋ ಮೈಯೆಲ್ಲ ಊತವೋ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಪ್ರತಿ ದೋಣಿಯಲ್ಲಿಯೂ ಥರ್ಮಾಸ್ ಫ್ಲಾಸ್ಕಿನಲ್ಲಿ ಬಿಸಿನೀರು ಇರಬೇಕೆಂಬ ನಿಯಮ ಸಣ್ಣದಾಗಿ ಕಂಡರೂ, ದಡದಿಂದ ಗಂಟೆಗಟ್ಟಲೆ ದೂರವಿರುವವರ ಮಟ್ಟಿಗೆ ಅದಕ್ಕಿಂತ ದೊಡ್ಡ ನಿಯಮವಿಲ್ಲ.

ಮುಳ್ಳಿಗಿಂತ ಹೆಚ್ಚಿನ ಅಪಾಯ ಪೈಪೋಟಿಯ ಆವೇಶದ್ದು. ಇನ್ನೊಂದು ಮೀನು, ಇನ್ನೊಂದು ಸಂದು ಎನ್ನುತ್ತ ಆಳದಲ್ಲಿ ಹೆಚ್ಚು ಹೊತ್ತು ನಿಂತವರು, ಒಂದೇ ದಿನ ಹಲವು ಬಾರಿ ಇಳಿದವರು, ಸಿಲಿಂಡರಿನ ಗಾಳಿಯನ್ನು ಗಮನಿಸದವರು, ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗುವ ಕಾಯಿಲೆಗೋ ಅದಕ್ಕಿಂತ ಘೋರವಾದುದಕ್ಕೋ ತುತ್ತಾಗಬಹುದು. ಆದ್ದರಿಂದ ಜೊತೆಗಾರನಿಲ್ಲದೆ ಇಳಿಯಬಾರದೆಂಬ, ನಿಗದಿತ ಗಂಟೆಯ ನಂತರ ಬಂದ ಮೀನನ್ನು ಎಣಿಸದಿದ್ದರೂ ತಂಡವನ್ನು ಅವಮಾನಿಸಬಾರದೆಂಬ, ಗಾಳಿ ಕೆಟ್ಟರೆ ಬದಲಿ ದಿನವನ್ನು ಮೊದಲೇ ಘೋಷಿಸಿರಬೇಕೆಂಬ ಕಟ್ಟುಪಾಡುಗಳು ಬೇಕು. ಬದಲಿ ದಿನವಿಲ್ಲದ ಸ್ಪರ್ಧೆಯಲ್ಲಿ ಸಂಘಟಕರ ಮೇಲೆ ಪ್ರಾಯೋಜಕರ ಒತ್ತಡವೂ, ತಂಡಗಳ ಮೇಲೆ ಕಟ್ಟಿದ ಹಣದ ಒತ್ತಡವೂ ಬೀಳುತ್ತದೆ. ಅಲೆಯೆದ್ದ ಸಮುದ್ರಕ್ಕೆ ದೋಣಿ ಇಳಿಯುವುದು ಅಂಥ ಒತ್ತಡದಿಂದಲೇ.

ಹಿಡಿದ ಮೀನನ್ನು ಸೊಂಟಕ್ಕೆ ಕಟ್ಟಿದ ಹಗ್ಗಕ್ಕೆ ಪೋಣಿಸಿಕೊಳ್ಳುವ ಈಟಿಗಾರರ ಹಳೆಯ ಪದ್ಧತಿ ಇಲ್ಲಿ ನಡೆಯದು, ಏಕೆಂದರೆ ಮುಳ್ಳು ತೊಡೆಗೇ ಚುಚ್ಚುತ್ತದೆ. ಅದರ ಬದಲು ಪಿವಿಸಿ ಕೊಳವೆಯ ಬಾಯಿಗೆ ಒಳಮುಖದ ಆಲಿಕೆ ಜೋಡಿಸಿದ ಪಾತ್ರೆ ಬಳಕೆಗೆ ಬಂದಿದೆ. ಈಟಿಯ ಸಮೇತ ಮೀನನ್ನು ಒಳಗೆ ತೂರಿ ಈಟಿಯನ್ನು ಹಿಂದಕ್ಕೆಳೆದರೆ ಮೀನು ಒಳಗೇ ಉಳಿಯುತ್ತದೆ. ಸತ್ತ ಸಿಂಹಮೀನನ್ನು ಶಾರ್ಕ್, ಗ್ರೂಪರ್, ಹಾವುಮೀನುಗಳಿಗೆ ತಿನ್ನಿಸಿ ಅಭ್ಯಾಸ ಮಾಡಿಸಿದರೆ ಅವೇ ಮುಂದೆ ಸಿಂಹಮೀನನ್ನು ಬೇಟೆಯಾಡುತ್ತವೆ ಎಂಬ ನಂಬಿಕೆ ಹಲವರಲ್ಲಿದೆ. ಈ ತಿನ್ನಿಸುವಿಕೆಯನ್ನು ಸಂಘಟಕರು ಖಂಡಿತವಾಗಿ ತಡೆಯಬೇಕು. ಹಾಗೆ ತಿಂದ ಪ್ರಾಣಿಗಳು ಕಲಿಯುವುದು ಮುಳುಗುಗಾರರನ್ನು ಹಿಂಬಾಲಿಸುವುದನ್ನು. ಫ್ಲೋರಿಡಾದ ನೀರಿನಲ್ಲಿ ಮುಳುಗಿರುವಾಗ ಮೀನುಗಳಿಗೆ ಆಹಾರ ಹಾಕುವುದು ಕಾನೂನಿಗೂ ವಿರುದ್ಧ.

ಹಣ ಮತ್ತು ಮಾಂಸ

ಸ್ಪರ್ಧೆಯ ಹಣಕಾಸಿನ ವಿಚಾರದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ನೋಂದಣಿ ಶುಲ್ಕ, ಊರಿನ ಅಂಗಡಿ ಹೋಟೆಲುಗಳ ಪ್ರಾಯೋಜನೆ, ಸ್ವಯಂಸೇವಕರ ದುಡಿಮೆ, ಇವುಗಳಿಂದ ಕೆಲಸ ನಡೆಯುತ್ತದೆ. ದೋಣಿಯ ಇಂಧನ, ಸಿಲಿಂಡರಿನ ಗಾಳಿ, ದಿನದ ಕೂಲಿ ಎಲ್ಲವನ್ನೂ ಸ್ಪರ್ಧಿಗಳೇ ಭರಿಸುತ್ತಾರೆ ಎಂಬುದನ್ನು ಮಾತ್ರ ನೆನಪಿಡಬೇಕು. ಅದೇ ಕೆಲಸವನ್ನು ಸಂಬಳ ಕೊಟ್ಟು ಮಾಡಿಸುವುದಾದರೆ ಯಾವ ಸಣ್ಣ ಸಂಸ್ಥೆಗೂ ಅದು ಎಟುಕದು. ದಾನದ ನಿಜವಾದ ಪಾಲು ಶುಲ್ಕದಲ್ಲಿಲ್ಲ, ಆ ಇಂಧನದಲ್ಲಿಯೂ ಆ ದಿನದಲ್ಲಿಯೂ ಇದೆ.

ಮಾಂಸ ಬಿಳಿಯದು, ನವಿರಾದದ್ದು. ಎಣಿಕೆಯ ಮೇಜಿನ ಪಕ್ಕದಲ್ಲೇ ಅದನ್ನು ಹುರಿದು ಹಂಚುವುದರಿಂದ ಜನರ ಭಯ ಕರಗಿ, ಹೋಟೆಲುಗಳು ಕೇಳತೊಡಗುತ್ತವೆ. ಸ್ಪರ್ಧೆಯಿಲ್ಲದ ದಿನಗಳಲ್ಲಿಯೂ ಮೀನುಗಾರರು ಹಿಡಿಯಲು ಅದು ಕಾರಣವಾಗುತ್ತದೆ. ಕೆರಿಬಿಯನ್‌ನ ಕೆಲವು ಪ್ರದೇಶಗಳಲ್ಲಿ ದಿಬ್ಬದ ಮೀನುಗಳ ಮೈಯಲ್ಲಿ ಸಿಗ್ವಟೆರಾ ವಿಷ ಸೇರಿರುವ ಅಪಾಯವಿದೆ, ಮತ್ತು ಅದು ಬೇಯಿಸಿದರೂ ಹೋಗದ ವಿಷ. ಅಂಥ ಜಾಗಗಳಲ್ಲಿ ರುಚಿ ತೋರಿಸುವ ಕಾರ್ಯಕ್ರಮವನ್ನು ಕೈಬಿಡುವುದೇ ಲೇಸು. ಹಿಡಿದ ಮೀನಿನ ಹೊಟ್ಟೆ, ಕಿವಿಯೊಳಗಿನ ಸಣ್ಣ ಕಲ್ಲು, ಅಂಡಾಶಯ ಇವು ಸಂಶೋಧಕರಿಗೆ ಬೇಕಾದ ವಸ್ತುಗಳು. ಒಂದೇ ದಿನ, ಒಂದೇ ಪ್ರದೇಶದಿಂದ ನೂರಾರು ಮಾದರಿಗಳು ಸಿಗುವ ಅವಕಾಶ ಬೇರೆ ಯಾವ ರೀತಿಯಲ್ಲಿಯೂ ಸುಲಭವಾಗಿ ಒದಗುವುದಿಲ್ಲ.

ಫಲವನ್ನು ಅಳೆದದ್ದು

ಪ್ರತಿಷ್ಠಾನದ ಲ್ಯಾಡ್ ಏಕಿನ್ಸ್ ಅವರೂ ಸೇರಿದಂತೆ ಸ್ಟೆಫನಿ ಗ್ರೀನ್ ಅವರ ತಂಡ ಕೀ ಲಾರ್ಗೋ ಮತ್ತು ಗ್ರೀನ್ ಟರ್ಟಲ್ ಕೇಗಳ ಸ್ಪರ್ಧೆಗಳನ್ನು ಕುರಿತು 2017ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. ಸ್ಪರ್ಧೆಯ ಮೊದಲೂ ನಂತರವೂ ದಿಬ್ಬಗಳ ಮೇಲೆ ಎಣಿಕೆ ನಡೆಸಿ ನೋಡಿದಾಗ, ಒಂದು ದಿನದ ಸ್ಪರ್ಧೆಯಿಂದ ಸರಾಸರಿ 192 ಚದರ ಕಿಲೋಮೀಟರ್ ವಿಸ್ತಾರದಲ್ಲಿ ಸಿಂಹಮೀನಿನ ಸಾಂದ್ರತೆ 52 ಪ್ರತಿಶತ ಇಳಿದಿತ್ತು. ಸಂಬಳವಿಲ್ಲದ ಜನ ಒಂದೇ ದಿನದಲ್ಲಿ ಇಷ್ಟು ವಿಸ್ತಾರದ ಸಮುದ್ರದಲ್ಲಿ ಆಕ್ರಮಣಕಾರಿ ಮೀನನ್ನು ಅರ್ಧಕ್ಕೆ ಇಳಿಸಿದರೆಂಬುದು ನನ್ನ ದೃಷ್ಟಿಯಲ್ಲಿ ಅಸಾಧಾರಣ ಸಾಧನೆ. ಕಡಲಿನ ಸಂರಕ್ಷಣೆಯಲ್ಲಿ ಇಂಥ ಉದಾಹರಣೆಗಳು ವಿರಳ.

ಆದರೆ ಅಧ್ಯಯನದ ಇನ್ನೊಂದು ಮಾತು ಇದಕ್ಕಿಂತಲೂ ಮುಖ್ಯ. ಎರಡು ಪ್ರದೇಶಗಳಲ್ಲಿ ಮೀನು ಮರಳಿ ಬರುವ ವೇಗವೂ ದಿಬ್ಬಗಳ ಆಹಾರ ಉತ್ಪಾದನೆಯೂ ಬೇರೆ ಬೇರೆಯಾಗಿದ್ದುದರಿಂದ, ವರ್ಷಕ್ಕೊಂದು ಸ್ಪರ್ಧೆ ಒಂದು ಪ್ರದೇಶದಲ್ಲಿ ಸಿಂಹಮೀನನ್ನು ಹಾನಿಯ ಮಿತಿಗಿಂತ ಕೆಳಗೆ ಹಿಡಿದಿಡಲು ಸಾಕಾಯಿತು, ಇನ್ನೊಂದರಲ್ಲಿ ಸಾಲಲಿಲ್ಲ. ಒಂದೇ ಸಂಸ್ಥೆ, ಒಂದೇ ಬಗೆಯ ನಿಯಮ, ಅಷ್ಟೇ ಉತ್ಸಾಹದ ಜನ. ಆದರೂ ಫಲ ಬೇರೆ. ದಡದ ಮೇಲಿನ ಮೇಜನ್ನು ಮಾತ್ರ ನೋಡಿದವರಿಗೆ ಈ ವ್ಯತ್ಯಾಸ ಎಂದಿಗೂ ಕಾಣುತ್ತಿರಲಿಲ್ಲ. ಹೆಚ್ಚು ಮೀನು ಬಂದ ಕಡೆ ಸ್ಪರ್ಧೆ ಹೆಚ್ಚು ಯಶಸ್ವಿಯೆಂದೂ, ವರ್ಷದಿಂದ ವರ್ಷಕ್ಕೆ ಸಂಖ್ಯೆ ಏರಿದರೆ ಅದು ಬೆಳವಣಿಗೆಯೆಂದೂ ಅವರು ಸಂತೋಷಪಡುತ್ತಿದ್ದರು. ಸಂಖ್ಯೆ ಏರುತ್ತಿರುವುದು ಸಮುದ್ರದಲ್ಲಿ ಮೀನು ಹೆಚ್ಚುತ್ತಿರುವುದರ ಸೂಚನೆಯೂ ಆಗಿರಬಹುದು. ಸಂಖ್ಯೆ ಇಳಿದರೂ ಅದರ ಶ್ರೇಯಸ್ಸನ್ನು ಸ್ಪರ್ಧೆಗೇ ಕೊಡುವಂತಿಲ್ಲ: ಮೆಕ್ಸಿಕೊ ಕೊಲ್ಲಿಯ ಉತ್ತರದಲ್ಲಿ 2017ರಿಂದ ಸಿಂಹಮೀನುಗಳ ಚರ್ಮದಲ್ಲಿ ಹುಣ್ಣಿನ ರೋಗ ಕಾಣಿಸಿಕೊಂಡು, ಅದರ ಬೆನ್ನಿಗೇ ಅವುಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ನೀರಿನೊಳಗೆ ಸ್ವತಂತ್ರವಾಗಿ ಎಣಿಸುವವರಿಲ್ಲದಿದ್ದರೆ ಈಟಿ ಎಷ್ಟು ಮಾಡಿತು, ರೋಗ ಎಷ್ಟು ಮಾಡಿತು ಎಂಬುದನ್ನು ಬಿಡಿಸಿ ಹೇಳುವುದು ಅಸಾಧ್ಯ.

ಬೇಟೆಯಿಂದ ತಪ್ಪಿಸಿಕೊಂಡ ಮೀನಿನ ವಿಚಾರವನ್ನೂ ಇಲ್ಲಿ ಸೇರಿಸಬೇಕು. ಬಹಾಮಾಸ್‌ನಲ್ಲಿ ಇಸಬೆಲ್ ಕೋತೆ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದಂತೆ, ಪದೇ ಪದೇ ಬೇಟೆ ನಡೆದ ದಿಬ್ಬಗಳ ಸಿಂಹಮೀನುಗಳು ಹಗಲಿನಲ್ಲಿ ಕಡಿಮೆ ಓಡಾಡುತ್ತವೆ, ದಿಬ್ಬದ ಸಂದುಗಳಲ್ಲಿ ಇನ್ನಷ್ಟು ಒಳಗೆ ಅಡಗುತ್ತವೆ. ಗುರಿ ತಪ್ಪಿದ ಈಟಿಯ ಪರಿಣಾಮ ಆ ಕ್ಷಣಕ್ಕೆ ಮುಗಿಯುವುದಿಲ್ಲ. ಆ ದಿಬ್ಬಕ್ಕೆ ಮುಂದೆ ಇಳಿಯುವವರ ಕೆಲಸ ಹೆಚ್ಚು ಕಠಿಣವಾಗುತ್ತದೆ. ಹಾಗಾಗಿ ಸ್ಪರ್ಧೆಗೆ ಮೊದಲು ಹೊಸಬರಿಗೆ ಗುರಿಯ ಅಭ್ಯಾಸ ಮಾಡಿಸುವುದನ್ನು ಉಪಚಾರದ ಕೆಲಸವೆಂದು ತಿಳಿಯಬಾರದು. ಮಬ್ಬು ಬೆಳಕಿನ ಮುಂಜಾನೆ ಮತ್ತು ಸಂಜೆಯ ಹೊತ್ತು ಈ ಮೀನು ಸಂದುಗಳಿಂದ ಹೊರಬರುವ ಸಮಯವಾದ್ದರಿಂದ, ಸೂರ್ಯೋದಯಕ್ಕೆ ದೋಣಿ ಬಿಡುವ ಕೀ ಲಾರ್ಗೋದ ಪದ್ಧತಿ ಈ ದೃಷ್ಟಿಯಿಂದಲೂ ಸರಿಯಾದದ್ದು.

ಇಂಥ ಸ್ಪರ್ಧೆಯನ್ನು ಮುಂದೆ ಯಾರಾದರೂ ಏರ್ಪಡಿಸುವುದಾದರೆ ಎಣಿಕೆಯ ಹಾಳೆಯಲ್ಲಿ ಮೂರು ಅಂಕಣಗಳನ್ನು ಹೆಚ್ಚಾಗಿ ಸೇರಿಸಬೇಕೆಂದು ನನ್ನ ಆಗ್ರಹ. ಮೊದಲನೆಯದರಲ್ಲಿ ತಂಡ ಇಳಿದ ಪ್ರತಿ ಜಾಗದ ಹೆಸರು ಮತ್ತು ಆಳ ಇರಬೇಕು. ಒಂದೂ ಮೀನು ಸಿಗದ ಜಾಗದ ಹೆಸರೂ ಅಲ್ಲಿ ಬರಬೇಕು, ಏಕೆಂದರೆ ಖಾಲಿ ದಿಬ್ಬದ ಸುದ್ದಿಯೇ ಎಲ್ಲಕ್ಕಿಂತ ಒಳ್ಳೆಯ ಸುದ್ದಿ, ಮತ್ತು ಬಹುಮಾನದ ಲೆಕ್ಕದಲ್ಲಿ ಅದು ಎಂದೂ ಸೇರುವುದಿಲ್ಲ. ಎರಡನೆಯದರಲ್ಲಿ ನೀರಿನಡಿ ಕಳೆದ ನಿಮಿಷಗಳು ಇರಬೇಕು. ಹತ್ತು ನಿಮಿಷದಲ್ಲಿ ಸಿಕ್ಕ ಐದು ಮೀನಿಗೂ ಎರಡು ಗಂಟೆಯಲ್ಲಿ ಸಿಕ್ಕ ಐದು ಮೀನಿಗೂ ಅರ್ಥ ಬೇರೆ. ಮೂರನೆಯದರಲ್ಲಿ, ಕಣ್ಣಿಗೆ ಬಿದ್ದೂ ಕೈಗೆ ಸಿಗದೆ ಉಳಿದ ಮೀನುಗಳ ಸಂಖ್ಯೆಯನ್ನು ತಂಡದವರು ಸಂಕೋಚವಿಲ್ಲದೆ ಬರೆಯಬೇಕು, ಮತ್ತು ಮುಂದಿನ ಸ್ಪರ್ಧೆಯ ದಿನವನ್ನು ಆ ಅಂಕಣ ನೋಡಿ ಗೊತ್ತುಮಾಡಬೇಕು.